ಏಜೆಂಟ್ ಇಲ್ಲದೆ ಮನೆ ಮಾರುವುದೇ, ಏಜೆಂಟರ ಮೂಲಕವೇ? ನಾಲ್ಕು ದಾರಿಗಳ ಹೋಲಿಕೆ

ಸ್ವಂತ ಮನೆಯನ್ನು ಮಾರಲು ತೀರ್ಮಾನಿಸಿದವರನ್ನು ಮೊದಲು ಕಾಡುವುದು ಕಮಿಷನ್ ಪ್ರಶ್ನೆ. ವರ್ಷಗಟ್ಟಲೆ ಕಂತು ಕಟ್ಟಿ ತಮ್ಮದಾಗಿಸಿಕೊಂಡ ಮನೆಯ ಬೆಲೆಯಲ್ಲಿ ಒಂದು ಪಾಲನ್ನು ಕೆಲವು ವಾರ ಓಡಾಡಿದ ಏಜೆಂಟರಿಗೆ ಏಕೆ ಕೊಡಬೇಕು ಎಂದು ಅವರು ಕೇಳಿಕೊಳ್ಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು ಅಳುಕೂ ಬರುತ್ತದೆ: ವ್ಯವಹಾರ ಗೊತ್ತಿಲ್ಲದ ನಾವು ಬೆಲೆಯಲ್ಲಿ ಮೋಸಹೋದರೆ, ಕಾಗದಪತ್ರದಲ್ಲಿ ಎಡವಿದರೆ ಗತಿಯೇನು? ಈ ಎರಡರ ನಡುವೆ ತೂಗಾಡುತ್ತಿರುವವರು ಕಮಿಷನ್ನಿನ ಶೇಕಡಾವಾರನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಆ ಹಣಕ್ಕೆ ಪ್ರತಿಯಾಗಿ ಏನೇನು ಸಿಗುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಏಜೆಂಟರ ಕೆಲಸವೆಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಕನಿಷ್ಠ ಆರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಮನೆಗೆ ಸರಿಯಾದ ಬೆಲೆ ಕಟ್ಟುವುದು, ಮಾರಾಟಕ್ಕಿದೆ ಎಂಬ ಸುದ್ದಿಯನ್ನು ಕೊಳ್ಳುವವರಿಗೆ ಮುಟ್ಟಿಸುವುದು, ಬಂದವರಿಗೆ ಮನೆ ತೋರಿಸುವುದು, ಅವರಲ್ಲಿ ನಿಜವಾಗಿ ಕೊಳ್ಳುವ ಶಕ್ತಿಯುಳ್ಳವರನ್ನು ಬೇರ್ಪಡಿಸುವುದು, ಚೌಕಾಸಿ ನಡೆಸುವುದು, ಮಾತು ಮುಗಿದ ಮೇಲೆ ಕರಾರಿನಿಂದ ನೋಂದಣಿಯವರೆಗೆ ವ್ಯವಹಾರ ಮುರಿದುಬೀಳದಂತೆ ಕಾಯುವುದು. ಇವುಗಳಲ್ಲಿ ಕೆಲವನ್ನು ಯಾರು ಬೇಕಾದರೂ ಮಾಡಬಹುದು. ಕೆಲವನ್ನು ಹಣ ಕೊಟ್ಟು ಬಿಡಿಯಾಗಿ ಮಾಡಿಸಿಕೊಳ್ಳಬಹುದು. ಒಂದೆರಡನ್ನು ಮಾತ್ರ ಮನೆಯ ಒಡೆಯರೇ ಮಾಡುವುದು ನಿಜಕ್ಕೂ ಕಷ್ಟ. ನಿಮಗೆ ಒಪ್ಪುವ ದಾರಿ ಯಾವುದೆಂಬುದು ಈ ಆರರಲ್ಲಿ ಯಾವುವು ನಿಮ್ಮ ಕೈಲಾಗುತ್ತವೆ ಎಂಬುದರ ಮೇಲೆ ನಿಂತಿದೆ.

ಯಾವುದರಿಂದ ಅಳೆಯಬೇಕು

ಮೊದಲನೆಯ ಮಾನದಂಡ, ಎಲ್ಲ ಖರ್ಚು ಕಳೆದು ಕೈಗೆ ಬರುವ ಹಣ. ಮಾರಾಟದ ಬೆಲೆಯನ್ನೋ ಕಮಿಷನ್ನನ್ನೋ ಒಂದೊಂದನ್ನೇ ನೋಡಿ ತೀರ್ಮಾನಿಸುವವರು ಬಹಳ ಮಂದಿ, ಮತ್ತು ಲೆಕ್ಕ ತಪ್ಪುವುದು ಅಲ್ಲಿಯೇ. ಮನೆಯ ಬೆಲೆಯನ್ನು 100 ಎಂದಿಟ್ಟುಕೊಳ್ಳೋಣ. ಏಜೆಂಟರ ಮೂಲಕ 100ಕ್ಕೆ ಮಾರಿ ಶೇ. 5 ಕಮಿಷನ್ ಕೊಟ್ಟರೆ ಕೈಗೆ ಬರುವುದು 95. ನೀವೇ ಮಾರಿದರೆ 100 ಪೂರ್ತಿ ಉಳಿಯುತ್ತದೆ ಎಂದು ತೋರುತ್ತದೆ, ಆದರೆ ಹಾಗಾಗುವುದು ಅಪರೂಪ. ನೀವು ಕಮಿಷನ್ ಕೊಡುತ್ತಿಲ್ಲ ಎಂಬುದು ಕೊಳ್ಳುವವರಿಗೂ ಗೊತ್ತಿರುತ್ತದೆ. ಏಜೆಂಟ್ ಇಲ್ಲದ ಮನೆಯನ್ನು ಅವರು ಹುಡುಕಿಕೊಂಡು ಬಂದಿರುವುದೇ ಆ ಉಳಿತಾಯದಲ್ಲಿ ತಮಗೂ ಪಾಲು ಸಿಗಲಿ ಎಂದು. ಅರ್ಧ ಪಾಲು ಅವರಿಗೆ ಹೋಗಿ 97.5ಕ್ಕೆ ವ್ಯಾಪಾರ ಕುದುರಿತೆನ್ನಿ. ಜಾಹೀರಾತು, ಛಾಯಾಚಿತ್ರ, ಮೌಲ್ಯಮಾಪನ, ವಕೀಲರ ಶುಲ್ಕವೆಂದು ಇನ್ನೊಂದು 1 ಖರ್ಚಾದರೆ ಕೈಯಲ್ಲಿ ಉಳಿಯುವುದು 96.5. ಅಲ್ಲಿಗೆ ನಿಜವಾದ ಉಳಿತಾಯ 1.5. ನಿಮ್ಮಲ್ಲಿ ಕಮಿಷನ್ ದರವೇ ಶೇ. 2 ಆಗಿದ್ದರೆ, ಇದೇ ಲೆಕ್ಕದಂತೆ ಏಜೆಂಟರ ಮೂಲಕವೂ 98, ಸ್ವಂತವಾಗಿಯೂ 98, ಎರಡೂ ಒಂದೇ.

ಕಮಿಷನ್ ದರ ದೇಶದಿಂದ ದೇಶಕ್ಕೆ ಬಹಳ ಬದಲಾಗುತ್ತದೆ. ಅಮೆರಿಕದಲ್ಲಿ ಮಾರುವವರ ಮತ್ತು ಕೊಳ್ಳುವವರ ಏಜೆಂಟರಿಬ್ಬರ ಪಾಲೂ ಸೇರಿ ದೀರ್ಘಕಾಲ ಶೇ. 5ರಿಂದ 6ರಷ್ಟಿತ್ತು, ಬ್ರಿಟನ್ನಿನಲ್ಲಿ ಮಾರುವವರು ಕೊಡುವುದು ಸಾಮಾನ್ಯವಾಗಿ ಶೇ. 1ರಿಂದ 2ರ ಆಸುಪಾಸಿನಲ್ಲಿದೆ. ಆದ್ದರಿಂದ ಒಂದು ದೇಶದ ಅನುಭವವನ್ನು ಓದಿ, ಸ್ವಂತವಾಗಿ ಮಾರಿದರೆ ದೊಡ್ಡ ಮೊತ್ತ ಉಳಿಯುತ್ತದೆ ಎಂದು ಇನ್ನೊಂದು ದೇಶದಲ್ಲಿ ಕುಳಿತು ಭಾವಿಸುವುದು ಸರಿಯಾಗದು. ದರ ಹೆಚ್ಚಿರುವಲ್ಲಿ ಶ್ರಮಕ್ಕೆ ತಕ್ಕ ಫಲವಿದೆ. ದರ ಕಡಿಮೆಯಿರುವಲ್ಲಿ ಬೆಲೆ ಕಟ್ಟುವುದರಲ್ಲಿ ಆಗುವ ಒಂದು ಸಣ್ಣ ತಪ್ಪೇ ಉಳಿತಾಯವನ್ನೆಲ್ಲ ನುಂಗಿಹಾಕಬಲ್ಲದು.

ಎರಡನೆಯದು ಸಮಯ. ಸಮಯಕ್ಕೂ ಬೆಲೆಯಿದೆ, ಅದನ್ನು ಲೆಕ್ಕಕ್ಕೆ ತರಬೇಕು. ಮನೆಯ ಬೆಲೆಯ ಅರ್ಧದಷ್ಟು ಸಾಲ ಇನ್ನೂ ಬಾಕಿಯಿದ್ದು, ಬಡ್ಡಿ ವರ್ಷಕ್ಕೆ ಶೇ. 9 ಇದೆಯೆಂದುಕೊಳ್ಳಿ. ಹಿಂದಿನ ಲೆಕ್ಕದ 100ರಲ್ಲಿ ವರ್ಷದ ಬಡ್ಡಿ 4.5, ನಾಲ್ಕು ತಿಂಗಳು ಹೆಚ್ಚಿಗೆ ಕಾದರೆ 1.5. ಮೇಲೆ ಉಳಿಸಿದ 1.5 ಅಲ್ಲಿಗೆ ಮುಗಿಯಿತು. ತೆರಿಗೆ, ನಿರ್ವಹಣೆ, ಹೊಸ ಮನೆಗೆ ಬಾಡಿಗೆ ಕಟ್ಟುತ್ತಿದ್ದರೆ ಅದು, ಇವೆಲ್ಲ ಬೇರೆ. ಸಾಲ ತೀರಿದ್ದು, ಅವಸರವಿಲ್ಲದವರ ಲೆಕ್ಕ ಇದಕ್ಕಿಂತ ಬಹಳ ಹಗುರ.

ಮೂರನೆಯದು, ನಿಮ್ಮ ಮನೆ ಎಂಥದ್ದು ಎಂಬುದು. ಒಂದೇ ಬಗೆಯ ಹಲವು ಮನೆಗಳಿರುವ ಸಮುಚ್ಚಯದ ಫ್ಲ್ಯಾಟಿಗೆ ಬೆಲೆ ಕಟ್ಟುವುದು ಸುಲಭ. ಕೆಳಗಿನ ಅಂತಸ್ತಿನ ಅಂಥದ್ದೇ ಫ್ಲ್ಯಾಟ್ ಈಚೆಗೆ ಎಷ್ಟಕ್ಕೆ ಹೋಯಿತೆಂದು ತಿಳಿದರೆ ಸಾಕು. ವಿಚಿತ್ರ ಆಕಾರದ ನಿವೇಶನದಲ್ಲಿರುವ ಹಳೆಯ ಮನೆಗೆ ಹೋಲಿಸಲು ಇನ್ನೊಂದು ಮನೆಯೇ ಸಿಗದು. ನಾಲ್ಕನೆಯದು ಕಾಗದಪತ್ರಗಳ ಸ್ಥಿತಿ: ಒಬ್ಬರ ಹೆಸರಿನಲ್ಲಿದ್ದು, ಸಾಲವಿಲ್ಲದೆ, ಎಲ್ಲ ಪತ್ರಗಳೂ ಕೈಯಲ್ಲಿರುವ ಮನೆಗೂ, ನಾಲ್ವರು ವಾರಸುದಾರರ ಸಹಿ ಬೇಕಿರುವ ಮನೆಗೂ ಅಪಾಯದಲ್ಲಿ ಬಹಳ ಅಂತರವಿದೆ. ಐದನೆಯದು ನಿಮ್ಮ ಸ್ವಭಾವ. ಅಪರಿಚಿತರು ಮುಖದೆದುರೇ ಮನೆಯ ಕೊರತೆಗಳನ್ನು ಎತ್ತಿ ಹೇಳುವಾಗ ಸುಮ್ಮನಿರಬಲ್ಲಿರಾ, ಬೇಡವೆನ್ನಬೇಕಾದಲ್ಲಿ ಬೇಡವೆನ್ನಬಲ್ಲಿರಾ? ಇದನ್ನು ಹಣದಲ್ಲಿ ಅಳೆಯಲಾಗದು, ಆದರೂ ಫಲಿತಾಂಶದ ಮೇಲೆ ಇದರ ಪ್ರಭಾವ ದೊಡ್ಡದು.

ಮೊದಲ ದಾರಿ: ಎಲ್ಲವನ್ನೂ ಸ್ವತಃ ಮಾಡುವುದು

ಈ ದಾರಿಯ ಬಗ್ಗೆ ಹೆಚ್ಚು ವಿವರವಾಗಿ ಬರೆಯಬೇಕಿದೆ, ಏಕೆಂದರೆ ಓದುಗರ ಗೊಂದಲ ಹೆಚ್ಚಿರುವುದು ಇಲ್ಲಿಯೇ, ಮತ್ತು ಇದರ ಪರವಾಗಿಯೂ ವಿರುದ್ಧವಾಗಿಯೂ ಉತ್ಪ್ರೇಕ್ಷೆಯ ಮಾತುಗಳೇ ಹೆಚ್ಚಾಗಿ ಕೇಳಿಬರುತ್ತವೆ.

ಅಮೆರಿಕದ ಏಜೆಂಟರ ರಾಷ್ಟ್ರೀಯ ಸಂಘ ಪ್ರತಿವರ್ಷ ಪ್ರಕಟಿಸುವ ಸಮೀಕ್ಷೆಯಲ್ಲಿ, ಒಡೆಯರೇ ಮಾರಿದ ಮನೆಗಳ ಮಧ್ಯಮ ಬೆಲೆ (ಅರ್ಧದಷ್ಟು ಮನೆಗಳು ಅದಕ್ಕಿಂತ ಹೆಚ್ಚಿಗೆ, ಅರ್ಧದಷ್ಟು ಕಡಿಮೆಗೆ ಹೋದ ಬೆಲೆ) ಏಜೆಂಟರು ಮಾರಿದ ಮನೆಗಳ ಬೆಲೆಗಿಂತ ಸಾಕಷ್ಟು ಕಡಿಮೆಯಿರುತ್ತದೆ, ಮತ್ತು ಏಜೆಂಟರ ಪರವಾಗಿ ಮಾತನಾಡುವವರು ಇದನ್ನೇ ಮುಂದಿಡುತ್ತಾರೆ. ಆದರೆ ಒಡೆಯರೇ ಮಾರುವ ಮನೆಗಳಲ್ಲಿ ಚಿಕ್ಕ ಮನೆಗಳು, ಅಗ್ಗದ ಪ್ರದೇಶದ ಮನೆಗಳು, ಪರಿಚಿತರಿಗೆ ಕೊಟ್ಟ ಮನೆಗಳು ಹೆಚ್ಚಿದ್ದರೆ ಆ ಮಧ್ಯಮ ಬೆಲೆ ತಾನಾಗಿಯೇ ಇಳಿಯುತ್ತದೆ. ಅದರಿಂದ ನಿಮ್ಮ ಮನೆಯ ಬಗ್ಗೆ ಏನೂ ತಿಳಿಯದು. ಒಂದೇ ಬಗೆಯ ಮನೆಗಳನ್ನು ಪರಸ್ಪರ ಹೋಲಿಸಿದ ಅಧ್ಯಯನಗಳು ಬೇರೆಯದೇ ಚಿತ್ರ ಕೊಡುತ್ತವೆ. ಅರ್ಥಶಾಸ್ತ್ರಜ್ಞರಾದ ಹೆಂಡೆಲ್, ನೆವೊ ಮತ್ತು ಓರ್ತಾಲೋ-ಮಾನ್ಯೆ ಅವರು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ಮಾರಾಟಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಏಜೆಂಟರ ಪಟ್ಟಿಯ (ಏಜೆಂಟರು ಮಾರಾಟಕ್ಕಿರುವ ಮನೆಗಳನ್ನು ಪರಸ್ಪರ ಹಂಚಿಕೊಳ್ಳುವ ಸಾಮಾನ್ಯ ಪಟ್ಟಿ) ಮೂಲಕ ಮಾರಿದವರಿಗೆ ಗಮನಾರ್ಹವಾಗಿ ಹೆಚ್ಚಿನ ಬೆಲೆ ಸಿಕ್ಕಿತು ಎನ್ನಲು ಆಧಾರ ಕಂಡುಬರಲಿಲ್ಲ. ಕಂಡುಬಂದದ್ದು ಸಮಯದ ವ್ಯತ್ಯಾಸ: ಏಜೆಂಟರ ಮೂಲಕ ಮನೆ ಬೇಗ ಮಾರಾಟವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಮನೆಗಳ ಮೇಲೆ ಬರ್ನ್‌ಹೈಮ್ ಮತ್ತು ಮೀರ್ ಅವರು ನಡೆಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ಅಲ್ಲಿ ಮಾರಾಟದ ಪಟ್ಟಿ ಎಲ್ಲರಿಗೂ ತೆರೆದಿದ್ದು, ಸುದ್ದಿ ಮುಟ್ಟಿಸಲು ಏಜೆಂಟರ ಅಗತ್ಯವಿರಲಿಲ್ಲ. ಅಂಥಲ್ಲಿ ಏಜೆಂಟರನ್ನು ಇಟ್ಟುಕೊಂಡವರಿಗೆ ಶೇ. 5.9ರಿಂದ 7.7ರಷ್ಟು ಕಡಿಮೆ ಬೆಲೆ ಬಂದಿತ್ತು.

ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಿದಾಗ ನನಗೆ ಮುಖ್ಯವೆನಿಸುವುದು ಇದು: ಸುದ್ದಿ ಎಲ್ಲರಿಗೂ ಮುಟ್ಟುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಒಡೆಯರೇ ಮಾರುವುದರಿಂದ ಬೆಲೆ ಕುಸಿಯಬೇಕಾಗಿಲ್ಲ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು, ನಿಮ್ಮ ಊರಿನಲ್ಲಿ ಮನೆ ಹುಡುಕುವವರು ಎಲ್ಲಿ ಹುಡುಕುತ್ತಾರೆ ಎಂದು. ಎಲ್ಲರೂ ನೋಡುವ ಜಾಲತಾಣಗಳಲ್ಲಿ ಒಡೆಯರೇ ಜಾಹೀರಾತು ಹಾಕಬಹುದಾದರೆ ಏಜೆಂಟರ ಆರು ಕೆಲಸಗಳಲ್ಲಿ ಒಂದು ಆಗಲೇ ಮುಗಿದಂತೆ. ಕೊಳ್ಳುವವರೆಲ್ಲ ಏಜೆಂಟರ ಬಳಿಗೇ ಹೋಗುವ ಊರಿನಲ್ಲಿ ನಿಮ್ಮ ಜಾಹೀರಾತನ್ನು ನೋಡುವವರೇ ಇಲ್ಲವಾಗಬಹುದು.

ಬೆಲೆ ಕಟ್ಟುವುದು ಇದಕ್ಕಿಂತ ಕಠಿಣ. ತನ್ನದಾದ ವಸ್ತುವಿಗೆ ಮನುಷ್ಯ ಹೆಚ್ಚು ಬೆಲೆ ಕಟ್ಟುತ್ತಾನೆ ಎಂಬುದನ್ನು ಕಾನೆಮನ್, ಕ್ನೆಟ್ಶ್ ಮತ್ತು ಥೇಲರ್ ಅವರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು: ಸಾಧಾರಣ ಕಾಫಿ ಲೋಟವೊಂದನ್ನು ಕೈಗೆ ಕೊಟ್ಟ ಮರುಕ್ಷಣವೇ ಅದನ್ನು ಪಡೆದವರು, ಕೊಳ್ಳುವವರು ಕೊಡಲು ಸಿದ್ಧರಿದ್ದ ಬೆಲೆಯ ಸುಮಾರು ಎರಡರಷ್ಟನ್ನು ಕೇಳಿದರು. ಮನೆಯ ವಿಷಯದಲ್ಲಿ ಇದಕ್ಕೆ ಕೊಂಡ ಬೆಲೆಯ ನೆನಪೂ ಸೇರಿಕೊಳ್ಳುತ್ತದೆ. ಬಾಸ್ಟನ್ ನಗರದ 1990ರ ದಶಕದ ಮಾರಾಟಗಳನ್ನು ಅಧ್ಯಯನ ಮಾಡಿದ ಜೆನೆಸೋವ್ ಮತ್ತು ಮೇಯರ್, ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಮಾರುಕಟ್ಟೆಗಿಂತ ಎತ್ತರದ ಬೆಲೆ ಹೇಳಿ, ಆ ಕಾರಣದಿಂದಲೇ ಹೆಚ್ಚು ಕಾಲ ಕಾದದ್ದನ್ನು ಕಂಡರು. ನೀವು ಅಡುಗೆಮನೆಗೆ ಹಾಕಿಸಿದ ಕಪಾಟಿನ ಖರ್ಚು, ಮಕ್ಕಳು ಬೆಳೆದ ಕೋಣೆಯ ಮೇಲಿನ ಮಮತೆ, ಮುಂದಿನ ಮನೆಗೆ ಬೇಕಿರುವ ಹಣ, ಇವು ಯಾವುವೂ ಕೊಳ್ಳುವವರ ಲೆಕ್ಕದಲ್ಲಿಲ್ಲ. ಆದ್ದರಿಂದ ಬೇರೆಲ್ಲದರಲ್ಲಿ ಕೈ ಬಿಗಿಹಿಡಿದರೂ ಇಲ್ಲಿ ಹಿಡಿಯಬೇಡಿ. ಅನುಭವಸ್ಥ ಮೌಲ್ಯಮಾಪಕರೊಬ್ಬರಿಗೆ ಶುಲ್ಕ ಕೊಟ್ಟು ಲಿಖಿತ ವರದಿ ಪಡೆಯಿರಿ, ಮತ್ತು ಸುತ್ತಮುತ್ತ ಈಚೆಗೆ ನಿಜವಾಗಿ ಮಾರಾಟವಾದ ಬೆಲೆಗಳನ್ನು ಕೂಡಿಸಿ. ಜಾಹೀರಾತಿನಲ್ಲಿ ಕಾಣುವ ಬೆಲೆ ಮಾರುವವರ ಆಸೆಯ ಬೆಲೆ. ಎಷ್ಟೋ ತಿಂಗಳಿಂದ ಅಲ್ಲಿಯೇ ಕಾಣುತ್ತಿದ್ದರೆ ಆ ಬೆಲೆಗೆ ಮನೆ ಹೋಗುತ್ತಿಲ್ಲ ಎಂದೇ ತಿಳಿಯಬೇಕು.

ಚಿತ್ರ ಮತ್ತು ವಿವರಣೆಯಲ್ಲಿ ಒಡೆಯರು ಏಜೆಂಟರಿಗೆ ಸರಿಸಮನಾಗಿ, ಕೆಲವೊಮ್ಮೆ ಅವರಿಗಿಂತ ಚೆನ್ನಾಗಿ ಕೆಲಸ ಮಾಡಬಹುದು, ಏಕೆಂದರೆ ಯಾವ ಕೋಣೆಗೆ ಯಾವ ಹೊತ್ತಿನಲ್ಲಿ ಬೆಳಕು ಬರುತ್ತದೆಂದು ಅವರಿಗೇ ಗೊತ್ತು. ಆ ಹೊತ್ತಿಗೇ ಪರದೆಗಳನ್ನು ಪೂರ್ತಿ ಸರಿಸಿ, ಕೋಣೆಯ ಮೂಲೆಗೆ ಬೆನ್ನು ಒತ್ತಿ ನಿಂತು, ಕ್ಯಾಮೆರಾವನ್ನು ಎದೆಯ ಎತ್ತರಕ್ಕೆ ನೇರವಾಗಿ ಹಿಡಿದು ತೆಗೆಯಿರಿ; ಮೇಲಿನಿಂದ ಬಾಗಿಸಿ ತೆಗೆದ ಚಿತ್ರದಲ್ಲಿ ಗೋಡೆಗಳು ಓರೆಯಾಗಿ, ಕೋಣೆ ಇಕ್ಕಟ್ಟಾಗಿ ಕಾಣುತ್ತದೆ. ಬಾಗಿಲ ಹಿಂದಿನ ಬಟ್ಟೆ, ಸಿಂಕಿನ ಪಾತ್ರೆ, ಗೋಡೆಯ ಕ್ಯಾಲೆಂಡರ್ ತೆಗೆದಿಡಿ. ಅಳತೆಯೊಂದಿಗೆ ನೆಲನಕ್ಷೆಯನ್ನೂ ಹಾಕಿದರೆ ಸುಮ್ಮನೆ ಬಂದುಹೋಗುವವರು ಕಡಿಮೆಯಾಗುತ್ತಾರೆ. ತೇವ ಹಿಡಿದ ಗೋಡೆಯಿದ್ದರೆ ಅದನ್ನು ಚಿತ್ರದಿಂದ ಮರೆಮಾಡಬೇಡಿ. ತಿಳಿದಿರುವ ದೋಷವನ್ನು ಮುಚ್ಚಿಟ್ಟು ಮಾರಿದರೆ ಮಾರಾಟವಾದ ಮೇಲೂ ಹೊಣೆ ಬೆನ್ನುಹತ್ತುವ ಕಾನೂನು ಹಲವು ದೇಶಗಳಲ್ಲಿದೆ. ಮೊದಲೇ ಬರಹದಲ್ಲಿ ತಿಳಿಸಿದ ದೋಷ ಬೆಲೆಯ ಮಾತುಕತೆಯಲ್ಲೇ ಇತ್ಯರ್ಥವಾಗುತ್ತದೆ.

ಮನೆ ತೋರಿಸುವಾಗ ಒಡೆಯರು ಮಾಡುವ ಸಾಮಾನ್ಯ ತಪ್ಪು ಅತಿಯಾಗಿ ಮಾತನಾಡುವುದು. ಬಂದವರು ಮಲಗುವ ಕೋಣೆಯ ಬಾಗಿಲಲ್ಲಿ ನಿಂತು, ತಮ್ಮ ಮಂಚ ಎಲ್ಲಿ ಹಿಡಿದೀತು ಎಂದು ಕಣ್ಣಲ್ಲೇ ಅಳೆಯುತ್ತಿರುತ್ತಾರೆ. ಅಷ್ಟರಲ್ಲಿ ಒಡೆಯರು ನೆಲದ ಕಲ್ಲನ್ನು ಎಲ್ಲಿಂದ ತರಿಸಿದೆವು, ಬಣ್ಣಕ್ಕೆ ಎಷ್ಟಾಯಿತು ಎಂದು ಹೇಳತೊಡಗಿದರೆ ಆ ಅಳತೆ ಅಲ್ಲಿಗೇ ನಿಂತುಹೋಗುತ್ತದೆ. ಬಾಗಿಲು ತೆರೆದು, ಕೇಳಿದ್ದಕ್ಕೆ ಉತ್ತರಿಸಿ, ಉಳಿದ ಹೊತ್ತು ಅವರಿಗೆ ಜಾಗ ಬಿಡುವುದು ಒಳ್ಳೆಯದು. ಹೀಗೆ ತೋರಿಸುವಾಗ ಮನೆಯಲ್ಲಿ ಒಬ್ಬರೇ ಇರಬೇಡಿ, ಒಡವೆ ಮತ್ತು ಮೂಲ ಪತ್ರಗಳನ್ನು ಮನೆಯಿಂದ ಹೊರಗಿಡಿ, ಬರುವವರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಮುಂಚಿತವಾಗಿ ಬರೆದುಕೊಳ್ಳಿ.

ಇನ್ನು ಚೌಕಾಸಿ. ಮನೆ ನೋಡುವ ಮೊದಲೇ ಫೋನಿನಲ್ಲಿ "ಕೊನೆಯ ಬೆಲೆ ಎಷ್ಟು ಹೇಳಿಬಿಡಿ" ಎನ್ನುವವರು ಖಂಡಿತ ಇರುತ್ತಾರೆ. ಅವರಿಗೆ ಒಂದು ಅಂಕಿ ಹೇಳಿದರೆ ಮುಂದಿನ ಚೌಕಾಸಿ ಆ ಅಂಕಿಯಿಂದ ಕೆಳಕ್ಕೆ ಶುರುವಾಗುತ್ತದೆ. "ಮನೆ ನೋಡಿ, ಇಷ್ಟವಾದರೆ ಕುಳಿತು ಮಾತನಾಡೋಣ" ಎಂಬುದಷ್ಟೇ ಉತ್ತರವಾಗಿರಲಿ. ಏಜೆಂಟ್ ಇದ್ದಾಗ ಸಿಗುವ ಒಂದು ಅನುಕೂಲ ಇಲ್ಲಿ ಇಲ್ಲವಾಗುತ್ತದೆ: ಅವರು "ಒಡೆಯರನ್ನು ಕೇಳಿ ಹೇಳುತ್ತೇನೆ" ಎಂದು ಎದ್ದುಹೋಗಬಹುದು, ಒಡೆಯರೇ ಎದುರಿಗಿದ್ದರೆ ಕೊಳ್ಳುವವರು ಉತ್ತರವನ್ನು ಅಲ್ಲಿಯೇ ನಿರೀಕ್ಷಿಸುತ್ತಾರೆ. ಇದಕ್ಕೆ ಸರಳ ಪರಿಹಾರವಿದೆ. ಯಾವ ಬೆಲೆಗೂ ಕುಳಿತಲ್ಲಿಯೇ ಒಪ್ಪದೆ, ಮನೆಯವರೊಡನೆ ಚರ್ಚಿಸಿ ಮರುದಿನ ತಿಳಿಸುವುದನ್ನು ನಿಯಮವಾಗಿಟ್ಟುಕೊಳ್ಳಿ, ಮತ್ತು ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಬೆಲೆಯನ್ನು ಜಾಹೀರಾತು ಹಾಕುವ ಮೊದಲೇ ಬರೆದಿಡಿ.

ಕಾಗದಪತ್ರಗಳ ಕೆಲಸವನ್ನು ಮಾತ್ರ ಯಾರೂ ಸ್ವತಃ ಮಾಡಲು ಹೋಗಬಾರದು. ಮುಂಗಡ ಪಡೆಯುವ ಮೊದಲೇ ನಿಮ್ಮದೇ ವಕೀಲರನ್ನು ಗೊತ್ತುಮಾಡಿಕೊಳ್ಳಿ. ಕೊಳ್ಳುವವರ ವಕೀಲರು ಎಷ್ಟೇ ಸಜ್ಜನರಾದರೂ ಅವರು ಕಾಯುವುದು ತಮ್ಮ ಕಕ್ಷಿದಾರರ ಹಿತವನ್ನು. ಮುಂಗಡವೆಷ್ಟು, ಉಳಿದ ಹಣ ಯಾವ ದಿನದೊಳಗೆ, ಕೊಳ್ಳುವವರಿಗೆ ಬ್ಯಾಂಕ್ ಸಾಲ ಸಿಗದಿದ್ದರೆ ಮುಂಗಡ ಏನಾಗಬೇಕು, ಮನೆ ಬಿಟ್ಟುಕೊಡುವುದು ಯಾವಾಗ, ಯಾವ ಸಾಮಾನು ಮನೆಯೊಂದಿಗೆ ಹೋಗುತ್ತದೆ, ಇವೆಲ್ಲ ಕರಾರಿನಲ್ಲಿ ಇರಬೇಕು. ಹಣದ ಮೂಲವನ್ನು ಖಚಿತಪಡಿಸದವರಿಗಾಗಿ ಬೇರೆಯವರನ್ನು ವಾಪಸು ಕಳುಹಿಸಬೇಡಿ. ಬ್ಯಾಂಕಿನ ಸಾಲ ಮಂಜೂರಾತಿ ಪತ್ರವನ್ನೋ ಹಣವಿರುವುದಕ್ಕೆ ಪುರಾವೆಯನ್ನೋ ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಒಪ್ಪಿದ್ದಕ್ಕಿಂತ ಹೆಚ್ಚು ಹಣ ಕಳುಹಿಸಿದ್ದೇವೆ, ಹೆಚ್ಚಿನದನ್ನು ತಕ್ಷಣ ಹಿಂದಿರುಗಿಸಿ ಎನ್ನುವವರು ವಂಚಕರೆಂದೇ ತಿಳಿಯಿರಿ. ಹಣ ನಿಮ್ಮ ಖಾತೆಗೆ ನಿಜವಾಗಿ ಜಮೆಯಾಯಿತೆಂದು ಬ್ಯಾಂಕಿನಿಂದಲೇ ಕೇಳಿ ತಿಳಿಯುವವರೆಗೆ ಮೂಲ ಪತ್ರವಾಗಲಿ ಬೀಗದ ಕೈಯಾಗಲಿ ಕೈಬಿಡಬಾರದು.

ಎರಡನೆಯ ದಾರಿ: ಬೇಕಾದಷ್ಟೇ ಸೇವೆಯನ್ನು ನಿಗದಿತ ಶುಲ್ಕಕ್ಕೆ ಪಡೆಯುವುದು

ಸ್ವಂತ ಮಾರಾಟಕ್ಕೂ ಪೂರ್ಣ ಕಮಿಷನ್ನಿಗೂ ನಡುವೆ ಈ ಮಧ್ಯದ ದಾರಿಯಿದೆ, ಮತ್ತು ಹೆಚ್ಚು ಜನರಿಗೆ ಒಪ್ಪುವುದು ಇದೇ ಎಂದು ನನ್ನ ಅನಿಸಿಕೆ. ಇಲ್ಲಿ ಏಜೆಂಟರ ಪಟ್ಟಿಯಲ್ಲಿ ಮನೆಯನ್ನು ಸೇರಿಸುವುದು, ಚಿತ್ರ ತೆಗೆಯುವುದು, ಕರಾರು ಬರೆಯುವುದು ಹೀಗೆ ಒಂದೊಂದು ಕೆಲಸಕ್ಕೂ ಒಂದು ನಿಗದಿತ ಮೊತ್ತ. ಮನೆ ತೋರಿಸುವುದು ಮತ್ತು ಚೌಕಾಸಿ ನಿಮ್ಮ ಪಾಲಿಗೆ. ಕೊಳ್ಳುವವರಿಗೆ ಮನೆ ಕಾಣಿಸಿಕೊಳ್ಳುತ್ತದೆ, ಮನೆಯ ಬೆಲೆ ಏರಿದಷ್ಟೂ ಶುಲ್ಕ ಏರುವುದಿಲ್ಲ. ದುಬಾರಿ ಮನೆಯ ಒಡೆಯರಿಗೆ ಇದರ ಲಾಭ ಹೆಚ್ಚು. ಅಗ್ಗದ ಮನೆಗೆ ನಿಗದಿತ ಶುಲ್ಕವೇ ಕಮಿಷನ್ನಿಗೆ ಹತ್ತಿರವಾಗಬಹುದು.

ಕೊರತೆ ಇರುವುದು ಶುಲ್ಕ ಯಾವಾಗ ಕೊಡಬೇಕು ಎಂಬುದರಲ್ಲಿ. ಬ್ರಿಟನ್ನಿನಲ್ಲಿ 2014ರಲ್ಲಿ ಆರಂಭವಾದ ಪರ್ಪಲ್‌ಬ್ರಿಕ್ಸ್ ಸಂಸ್ಥೆಯ ಮೂಲ ಪದ್ಧತಿಯಲ್ಲಿ, ಮನೆ ಮಾರಾಟವಾದರೂ ಆಗದಿದ್ದರೂ ಶುಲ್ಕ ಕೊಡಬೇಕಿತ್ತು. ಹಾಗೆ ಪಾವತಿಯಾದ ಮೇಲೆ ಮಾರಾಟ ಮಾಡಿಸಿಕೊಡುವ ಒತ್ತಡ ಸೇವೆ ಕೊಡುವವರ ಮೇಲೆ ಉಳಿಯುವುದಿಲ್ಲ. ಆದ್ದರಿಂದ ಮುಂಗಡವಾಗಿ ಎಷ್ಟು, ಮಾರಾಟವಾದ ಮೇಲೆ ಎಷ್ಟು, ಜಾಹೀರಾತು ಎಷ್ಟು ತಿಂಗಳು ಇರುತ್ತದೆ, ಬೆಲೆ ಬದಲಿಸಲು ಮತ್ತೆ ಶುಲ್ಕವಿದೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಬೇಕು. ಅಮೆರಿಕದಲ್ಲಿ ಈ ದಾರಿ ಹಿಡಿಯುವವರಿಗೆ ಈಚಿನ ಒಂದು ಬದಲಾವಣೆ ಮುಖ್ಯ: ಏಜೆಂಟರ ರಾಷ್ಟ್ರೀಯ ಸಂಘ ಮಾರ್ಚ್ 2024ರಲ್ಲಿ ಒಪ್ಪಿಕೊಂಡ ರಾಜಿಯ ಪ್ರಕಾರ, ಅದೇ ವರ್ಷದ ಆಗಸ್ಟ್ 17ರಿಂದ, ಕೊಳ್ಳುವವರ ಏಜೆಂಟರಿಗೆ ಇಷ್ಟು ಕೊಡುತ್ತೇವೆ ಎಂದು ಏಜೆಂಟರ ಪಟ್ಟಿಯಲ್ಲಿ ನಮೂದಿಸುವಂತಿಲ್ಲ. ಆ ಪಾಲೂ ಈಗ ಮಾತುಕತೆಯ ವಿಷಯ.

ಮೂರನೆಯ ದಾರಿ: ಪೂರ್ಣ ಸೇವೆಯ ಏಜೆಂಟ್

ಒಳ್ಳೆಯ ಏಜೆಂಟರ ಬೆಲೆಯನ್ನು ನಾನು ಕಡೆಗಣಿಸುವುದಿಲ್ಲ. ನೀವು ಬೇರೆ ಊರಿನಲ್ಲಿದ್ದು ಮನೆ ಇನ್ನೊಂದೆಡೆ ಇದ್ದರೆ, ದುಡಿಮೆಯ ನಡುವೆ ಫೋನ್ ಎತ್ತಲೂ ಬಿಡುವಿಲ್ಲದಿದ್ದರೆ, ವಾರಸುದಾರರಲ್ಲಿ ಒಬ್ಬರನ್ನೊಬ್ಬರು ನಂಬದ ಸ್ಥಿತಿಯಿದ್ದರೆ, ಮಧ್ಯದಲ್ಲಿ ನಿಲ್ಲುವ ಮೂರನೆಯವರೊಬ್ಬರು ಕಮಿಷನ್ನಿಗಿಂತ ಹೆಚ್ಚಿನ ಉಪಕಾರ ಮಾಡಬಲ್ಲರು. ಮಾರಾಟ ಬೇಗ ಆಗಬೇಕಾದವರಿಗೆ ಮ್ಯಾಡಿಸನ್ ಅಧ್ಯಯನವೂ ಇದೇ ದಾರಿಯನ್ನು ತೋರಿಸುತ್ತದೆ.

ಆದರೆ ಏಜೆಂಟರ ಹಿತ ಮತ್ತು ನಿಮ್ಮ ಹಿತ ಎಲ್ಲಿ ಬೇರೆಯಾಗುತ್ತವೆ ಎಂದು ತಿಳಿದಿರಬೇಕು. ಇನ್ನೂ ಕೆಲವು ವಾರ ಕಾದರೆ 100ರ ಮನೆ 103ಕ್ಕೆ ಹೋಗಬಹುದು ಎನ್ನೋಣ. ಶೇ. 2ರ ಕಮಿಷನ್ನಿನಲ್ಲಿ ಆ ಹೆಚ್ಚುವರಿ 3ರಿಂದ ಏಜೆಂಟರಿಗೆ ಸಿಗುವುದು 0.06, ನಿಮಗೆ 2.94. ಅಷ್ಟು ಚಿಕ್ಕ ಮೊತ್ತಕ್ಕಾಗಿ ವಾರಗಟ್ಟಲೆ ಓಡಾಡುವ ಬದಲು, ಬಂದ ಬೆಲೆಗೆ ಒಪ್ಪಿಕೊಳ್ಳಿ ಎಂದು ಅವರು ಸಲಹೆ ಕೊಡುವುದು ಅವರ ದೃಷ್ಟಿಯಿಂದ ಸಹಜ. ಲೆವಿಟ್ ಮತ್ತು ಸಿವರ್ಸನ್ ಅವರು ಶಿಕಾಗೊ ಪ್ರದೇಶದ ಸುಮಾರು ಒಂದು ಲಕ್ಷ ಮಾರಾಟಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಅಂಕಿಗಳಲ್ಲೇ ಕಾಣುತ್ತದೆ: ಏಜೆಂಟರು ತಮ್ಮ ಸ್ವಂತ ಮನೆಗಳನ್ನು ಮಾರುವಾಗ, ಗ್ರಾಹಕರ ಅಂಥದೇ ಮನೆಗಳಿಗಿಂತ ಸುಮಾರು ಹತ್ತು ದಿನ ಹೆಚ್ಚು ಕಾದು, ಶೇ. 3.7ರಷ್ಟು ಹೆಚ್ಚಿನ ಬೆಲೆ ಪಡೆದಿದ್ದರು.

ಹಾಗಾಗಿ ಏಜೆಂಟರನ್ನು ಗೊತ್ತುಮಾಡುವಾಗ ದರದ ಜೊತೆಗೆ ದರದ ಸ್ವರೂಪವನ್ನೂ ಮಾತನಾಡಿ. ಮೌಲ್ಯಮಾಪಕರು ಹೇಳಿದ ಬೆಲೆಯವರೆಗೆ ಕಡಿಮೆ ಕಮಿಷನ್, ಅದರ ಮೇಲಿನ ಮೊತ್ತಕ್ಕೆ ಹೆಚ್ಚಿನ ಪಾಲು ಎಂದು ಒಪ್ಪಂದ ಮಾಡಿಕೊಂಡರೆ ಕಾಯುವುದರಲ್ಲಿ ಅವರಿಗೂ ಆಸಕ್ತಿ ಬರುತ್ತದೆ. ಮನೆಗೆ ಎಲ್ಲರಿಗಿಂತ ಹೆಚ್ಚು ಬೆಲೆ ಹೇಳಿದ ಏಜೆಂಟರನ್ನೇ ಆರಿಸಬೇಡಿ. ಒಪ್ಪಂದ ಗಿಟ್ಟಿಸಿಕೊಳ್ಳಲು ಎತ್ತರದ ಬೆಲೆ ಹೇಳಿ, ಆಮೇಲೆ ವಾರವಾರವೂ ಇಳಿಸುತ್ತ ಬರುವ ರೂಢಿ ಇದೆ. ಯಾವ ಮನೆಗಳ ಮಾರಾಟವನ್ನು ಆಧಾರವಾಗಿಟ್ಟು ಬೆಲೆ ಹೇಳುತ್ತಿದ್ದೀರಿ ಎಂದು ಕೇಳಿ, ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಮುಂದಿನವರನ್ನು ನೋಡಿ. ಒಬ್ಬರಿಗೇ ಹಕ್ಕು ಕೊಡುವ ಒಪ್ಪಂದವಾದರೆ ಅವಧಿ ಎರಡು ಮೂರು ತಿಂಗಳು ಮೀರದಿರಲಿ. ಒಂದೇ ಏಜೆಂಟ್ ಮಾರುವವರಿಂದಲೂ ಕೊಳ್ಳುವವರಿಂದಲೂ ಕಮಿಷನ್ ಪಡೆಯುತ್ತಿದ್ದರೆ, ಚೌಕಾಸಿಯಲ್ಲಿ ನಿಮ್ಮ ಪರವಾಗಿ ಗಟ್ಟಿಯಾಗಿ ನಿಲ್ಲುವರೆಂದು ನಿರೀಕ್ಷಿಸುವುದು ಕಷ್ಟ.

ನಾಲ್ಕನೆಯ ದಾರಿ: ಮನೆಗಳನ್ನು ಕೊಳ್ಳುವ ಸಂಸ್ಥೆಗೆ ನೇರವಾಗಿ ಮಾರುವುದು

ಕೆಲವು ದೇಶಗಳಲ್ಲಿ ನಗದು ಕೊಟ್ಟು ಮನೆ ಕೊಂಡು, ದುರಸ್ತಿ ಮಾಡಿಸಿ ಮತ್ತೆ ಮಾರುವ ಸಂಸ್ಥೆಗಳಿವೆ. ಮನೆ ತೋರಿಸುವ ಕೆಲಸವಿಲ್ಲ, ಸಾಲ ಸಿಗುವವರೆಗೆ ಕಾಯಬೇಕಿಲ್ಲ, ದುರಸ್ತಿಯ ತಲೆನೋವಿಲ್ಲ. ಇದಕ್ಕೆ ತೆರುವ ಬೆಲೆಯೆಂದರೆ ಮಾರುಕಟ್ಟೆಗಿಂತ ಕಡಿಮೆ ಬೆಲೆ ಮತ್ತು ಸೇವಾಶುಲ್ಕ, ಏಕೆಂದರೆ ಕಾಯುವ, ದುರಸ್ತಿಯ ಮತ್ತು ಬೆಲೆ ಇಳಿಯುವ ಅಪಾಯವನ್ನೆಲ್ಲ ಅವರು ಹೊರುತ್ತಾರೆ. ಆ ಅಪಾಯ ಸಣ್ಣದಲ್ಲ. ಅಮೆರಿಕದ ಮನೆಗಳ ಬಗ್ಗೆ ಅಪಾರ ಮಾಹಿತಿಯಿದ್ದ ಜಿಲ್ಲೋ ಸಂಸ್ಥೆ 2018ರಲ್ಲಿ ಇಂಥ ವ್ಯವಹಾರ ಆರಂಭಿಸಿ, ಬೆಲೆಗಳನ್ನು ನಿಖರವಾಗಿ ಊಹಿಸಲಾಗದೆ ನವೆಂಬರ್ 2021ರಲ್ಲಿ ಅದನ್ನು ಮುಚ್ಚುವುದಾಗಿ ಘೋಷಿಸಿತು. ಸಾಲ ಕೊಟ್ಟವರ ಒತ್ತಡವಿರುವವರು, ನಿಗದಿತ ದಿನದೊಳಗೆ ಊರು ಬಿಡಬೇಕಾದವರು, ದೊಡ್ಡ ದುರಸ್ತಿ ಬೇಕಿರುವ ಮನೆಯುಳ್ಳವರು ಇದನ್ನು ಯೋಚಿಸಬಹುದು. ಒಂದೇ ಸಂಸ್ಥೆಯ ಮಾತಿಗೆ ಒಪ್ಪದೆ ಕನಿಷ್ಠ ಎರಡು ಕಡೆಯಿಂದ ಲಿಖಿತ ಬೆಲೆ ಪಡೆಯಲಿ. ಉಳಿದವರಿಗೆ ಇದು ನಷ್ಟದ ದಾರಿ ಎಂದೇ ನನ್ನ ನಿಲುವು.

ಬಾಡಿಗೆದಾರರಿಗೋ ನೆರೆಯವರಿಗೋ ಬಂಧುಗಳಿಗೋ ನೇರವಾಗಿ ಮಾರುವುದು ಇದಕ್ಕೆ ಹೋಲುವಂತೆ ಕಂಡರೂ ಅದರ ಸ್ಥಿತಿ ಬೇರೆ. ಕೊಳ್ಳುವವರು ಆಗಲೇ ಸಿಕ್ಕಿರುವಾಗ ಏಜೆಂಟರ ಹೆಚ್ಚಿನ ಕೆಲಸವೇ ಉಳಿದಿರುವುದಿಲ್ಲ. ಮೌಲ್ಯಮಾಪಕರು ಮತ್ತು ವಕೀಲರು ಇದ್ದರೆ ಸಾಕು. ಪರಿಚಯವಿದೆಯೆಂದು ಈ ಇಬ್ಬರನ್ನೂ ಬಿಟ್ಟು ಬಾಯಿಮಾತಿನಲ್ಲಿ ವ್ಯವಹಾರ ಮುಗಿಸಿದಲ್ಲಿ ಹಣವೂ ಸಂಬಂಧವೂ ಕೆಡುತ್ತವೆ.

ಯಾರಿಗೆ ಯಾವುದು

ಸಾಮಾನ್ಯ ಬಗೆಯ ಮನೆ, ಸ್ವಚ್ಛವಾದ ಪತ್ರಗಳು, ಆರು ತಿಂಗಳು ಕಾಯುವ ಶಕ್ತಿ ಮತ್ತು ವಾರಾಂತ್ಯದ ಬಿಡುವು ಇರುವವರು, ಕಮಿಷನ್ ದರ ಶೇ. 3ಕ್ಕಿಂತ ಹೆಚ್ಚಿರುವಲ್ಲಿ, ಧೈರ್ಯವಾಗಿ ಸ್ವತಃ ಮಾರಲು ತೊಡಗಬಹುದು. ದರ ಶೇ. 2ರೊಳಗಿದ್ದರೆ ಹಣದ ಲೆಕ್ಕದಲ್ಲಿ ದೊಡ್ಡ ಲಾಭವಿಲ್ಲ. ಮನೆಯ ಬೆಲೆ ಬಹಳ ಹೆಚ್ಚಿದ್ದು ಆ ಸಣ್ಣ ಶೇಕಡವೇ ದೊಡ್ಡ ಮೊತ್ತವಾಗುವುದಾದರೆ ನಿಗದಿತ ಶುಲ್ಕದ ದಾರಿಯನ್ನು ನೋಡಿ. ಬೆಲೆ ಕಟ್ಟಲು ಕಷ್ಟವಾದ ಅಪರೂಪದ ಮನೆಗೆ, ಅಂಥ ಮನೆಗಳನ್ನು ಮಾರಿದ ಅನುಭವವಿರುವ ಏಜೆಂಟರು ಬೇಕು, ಅಥವಾ ಕನಿಷ್ಠ ಬೆಲೆ ನಿಗದಿಪಡಿಸಿದ ಹರಾಜು ಬೇಕು. ಕೈಯಲ್ಲಿ ಖರ್ಚಿಗೆ ಹಣವೇ ಇಲ್ಲದವರು ಒಂದು ವಿಷಯ ಗಮನಿಸಬೇಕು: ಮಾರಾಟವಾದ ಮೇಲಷ್ಟೇ ಕಮಿಷನ್ ಪಡೆಯುವ ಏಜೆಂಟರಿಗೆ ಮೊದಲು ಏನೂ ಕೊಡಬೇಕಿಲ್ಲ, ಸ್ವಂತ ಮಾರಾಟದ ಖರ್ಚುಗಳನ್ನು ಮೊದಲೇ ಭರಿಸಬೇಕು.

ಸ್ವಂತವಾಗಿ ತೊಡಗುವವರು ಅವಧಿಯನ್ನೂ ಮೊದಲೇ ಗೊತ್ತುಮಾಡಿಕೊಳ್ಳಲಿ. ಮ್ಯಾಡಿಸನ್ನಿನಲ್ಲೂ ಸ್ವತಃ ಮಾರಲು ಹೊರಟವರಲ್ಲಿ ಸುಮಾರು ಐದರಲ್ಲೊಂದು ಪಾಲು ಕೊನೆಗೆ ಏಜೆಂಟರ ಪಟ್ಟಿಗೆ ಬಂದಿದ್ದರು. ಜಾಹೀರಾತು ಹಾಕಿದ ಮೊದಲ ಮೂರು ನಾಲ್ಕು ವಾರಗಳಲ್ಲಿ ಫೋನ್ ಕರೆಗಳೇ ಬಾರದಿದ್ದರೆ ಬೆಲೆಯೋ ಚಿತ್ರವೋ ಜಾಹೀರಾತಿನ ಜಾಗವೋ ತಪ್ಪಾಗಿದೆ. ಜನ ಬಂದು ನೋಡಿಯೂ ಬೆಲೆಯ ಮಾತೆತ್ತದಿದ್ದರೆ ದೋಷ ಮನೆಯಲ್ಲಿದೆ ಅಥವಾ ಬೆಲೆಯಲ್ಲಿದೆ. ಇವನ್ನು ಒಮ್ಮೆ ಸರಿಪಡಿಸಿದ ಮೇಲೂ ಮೂರು ತಿಂಗಳೊಳಗೆ ಗಂಭೀರವಾದ ಒಂದು ಬೇಡಿಕೆ ಬಾರದಿದ್ದರೆ ಏಜೆಂಟರ ಬಳಿ ಹೋಗಿ. ಹಾಗೆ ಹೋಗುವಾಗ ಅಲ್ಲಿಯವರೆಗೆ ಮನೆ ನೋಡಿಹೋದವರ ಹೆಸರು, ಫೋನ್ ಸಂಖ್ಯೆ ಮತ್ತು ದಿನಾಂಕದ ಪಟ್ಟಿಯನ್ನು ಒಪ್ಪಂದದ ಭಾಗವಾಗಿ ಸೇರಿಸಿ, ಅವರಲ್ಲಿ ಯಾರಾದರೂ ಮುಂದೆ ಕೊಂಡರೆ ಕಮಿಷನ್ ಇಲ್ಲ ಎಂದು ಏಜೆಂಟರ ಸಹಿ ಪಡೆಯಿರಿ.